ದಾಖಲೆ ಅರೆಬರೆ ಇರುವ ಹಳೇ ವಿಕಿರಣಶೀಲ ತ್ಯಾಜ್ಯದ ಕಂದಕ: ಷರತ್ತುಗಳನ್ನು ಎಲ್ಲಿಂದ ಶುರು ಮಾಡಬೇಕು?

ಕರಡುಕಾರ (ಪ್ರಶ್ನೆ)

ನಿಯಂತ್ರಣ ಸಂಸ್ಥೆಯ ಕಡೆಯಿಂದ ನೋಡಬೇಕಾದ ಪ್ರಶ್ನೆ ಇದು. 1950-60ರ ದಶಕದ ಮಾದರಿಯ ಒಂದು ಹೂಳುಜಾಗ ಎಂದುಕೊಳ್ಳಿ. ಒಳಪದರ ಹಾಕದ ಎಂಟು ಕಂದಕಗಳು, ಒಂದೊಂದೂ ಐದು ಮೀಟರ್ ಆಳ. ನೆಲ ಜೇಡಿಮಣ್ಣು, ಅಂತರ್ಜಲ ಒಂಬತ್ತು ಮೀಟರ್ ಕೆಳಗೆ. ಕಂದಕದೊಳಗೆ 200 ಲೀಟರಿನ ಉಕ್ಕಿನ ಡ್ರಮ್‌ಗಳು, ಬಿಡಿಯಾಗಿ ಸುರಿದ ಪ್ರಯೋಗಾಲಯದ ಕಸ, ಗಾಳಿಶೋಧಕಗಳು, ಯುರೇನಿಯಂ ತುರಿ (ಲೋಹ ಕಡೆಯುವಾಗ ಬೀಳುವ ಚೂರು), ಒಂದಷ್ಟು ರೇಡಿಯಂ ಮೂಲಗಳು (ವಿಕಿರಣಕ್ಕೆಂದು ರೇಡಿಯಂ ತುಂಬಿದ ಸಣ್ಣ ಕೋಶಗಳು). ಪಕ್ಕದಲ್ಲೇ ನೆಲದಡಿಯ ತೊಟ್ಟಿಯಲ್ಲಿ ಕೆಸರು. ದಾಖಲೆ ಅಂತ ಇರುವುದು ಒಂದು ಲೆಡ್ಜರ್ ಮಾತ್ರ: ತಾರೀಖು, ಗಾತ್ರ, ಒಟ್ಟು ಕ್ಯೂರಿ (ವಿಕಿರಣಶೀಲತೆಯ ಹಳೇ ಮಾನ). ಯಾವ ಐಸೋಟೋಪ್, ಅಂದರೆ ಯಾವ ಧಾತುವಿನ ಯಾವ ಬಗೆ, ಎಂಬ ಕಾಲಂ ಅರ್ಧಕ್ಕರ್ಧ ಖಾಲಿ.

ಇಂಥ ಜಾಗದ ಶುದ್ಧೀಕರಣಕ್ಕೆ ಪರವಾನಗಿ ಷರತ್ತು ಬರೆಯುವಾಗ ನಾಲ್ಕು ಕಡೆ ತೊಡಕಾಗುತ್ತದೆ. ಯಾವ ಡೋಸ್ (ಮೈಗೆ ತಗಲುವ ವಿಕಿರಣದ ಪ್ರಮಾಣ) ಮಿತಿಯನ್ನು ಹಿಡಿಯಬೇಕು? ತೆಗೆಯಬೇಕೋ, ಮುಚ್ಚಿ ಬಿಡಬೇಕೋ ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು? ಅಗೆಯುವ ಮುಂಚೆ ಏನೇನು ಕೇಳಬೇಕು? ಕೆಲಸ ಮುಗಿಯಿತು ಎಂದು ಸಹಿ ಹಾಕುವುದು ಯಾವಾಗ? "ಸಂದರ್ಭಕ್ಕೆ ತಕ್ಕ ಹಾಗೆ" ಎನ್ನುವ ಉತ್ತರ ಬೇಡ, ಅದು ನನಗೂ ಗೊತ್ತು.

---

ಮಿತಿರೇಖೆ

ಡೋಸ್ ಮಿತಿಯ ಬಗ್ಗೆ. ಇಲ್ಲಿ ಒಂದೇ ಸಂಖ್ಯೆ ಹುಡುಕಲು ಹೋದವರೆಲ್ಲ ಸಿಕ್ಕಿಹಾಕಿಕೊಳ್ಳುತ್ತಾರೆ, ಯಾಕೆಂದರೆ ಒಂದೇ ಜಾಗದಲ್ಲಿ ಎರಡು ಬೇರೆ ಬೇರೆ ಪರಿಸ್ಥಿತಿಗಳಿವೆ.

ಆಗಲೇ ನೆಲದಲ್ಲಿರುವ ಮಾಲಿನ್ಯ "ಈಗಾಗಲೇ ಇರುವ ಒಡ್ಡುವಿಕೆ". ಇದಕ್ಕೆ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗವಾದ ಐಸಿಆರ್‌ಪಿಯ 2007ರ ಶಿಫಾರಸು, ಅಂದರೆ 103ನೇ ಪ್ರಕಟಣೆ, ಕೊಡುವುದು ಮಿತಿಯಲ್ಲ, ಉಲ್ಲೇಖ ಮಟ್ಟ, ಅಂದರೆ ಅದರ ಕೆಳಗೆ ಇಳಿಸಲು ಯತ್ನಿಸಬೇಕಾದ ಗೆರೆ: ವರ್ಷಕ್ಕೆ 1ರಿಂದ 20 ಮಿಲಿಸೀವರ್ಟ್ (ಡೋಸಿನ ಮಾನ) ನಡುವೆ. ಅದೇ ಕಂದಕವನ್ನು ಅಗೆಯಲು ಶುರು ಮಾಡಿದ ದಿನದಿಂದ ಆ ಕೆಲಸ "ಯೋಜಿತ ಒಡ್ಡುವಿಕೆ" ಆಗುತ್ತದೆ. ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಸಾರ್ವಜನಿಕರಿಗೆ 1. ತೆಗೆದದ್ದನ್ನು ಹೊಸ ವಿಲೇವಾರಿ ಘಟಕಕ್ಕೆ ಸೇರಿಸಿದರೆ ಆ ಘಟಕಕ್ಕೆ ಸಾಮಾನ್ಯವಾಗಿ ಹಾಕುವ ಕಟ್ಟುಪಾಡು ವರ್ಷಕ್ಕೆ 0.3. ಈ ಮೂರನ್ನೂ ಷರತ್ತಿನಲ್ಲಿ ಮೂರು ಪ್ರತ್ಯೇಕ ಪ್ಯಾರಾಗಳಾಗಿ ಬರೆಯಿರಿ. ಒಂದೇ ಕೋಷ್ಟಕಕ್ಕೆ ತುರುಕಿದರೆ, ಹಳೇ ಮಾಲಿನ್ಯಕ್ಕೆ 0.3 ಅನ್ವಯಿಸಿ ಎಂದು ಒಬ್ಬರು, ಹೊಸ ಘಟಕಕ್ಕೂ 20 ಸಾಕು ಎಂದು ಇನ್ನೊಬ್ಬರು ವಾದ ಹೂಡುತ್ತಾರೆ.

ಜಾಗವನ್ನು ಮುಕ್ತ ಬಳಕೆಗೆ ಬಿಡುವಾಗಿನ ಸಂಖ್ಯೆ ಮತ್ತೂ ಬೇರೆ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಎನ್‌ಆರ್‌ಸಿ 1997ರ ನಿಯಮದಲ್ಲಿ ವರ್ಷಕ್ಕೆ 0.25 ಮಿಲಿಸೀವರ್ಟ್ ಇಟ್ಟಿತು, ಅದರ ಕೆಳಗೂ ಸಾಧ್ಯವಾದಷ್ಟು ಇಳಿಸಬೇಕೆಂಬ ಷರತ್ತಿನೊಡನೆ.

1997ರಲ್ಲಿ ಒಪ್ಪಿ 2001ರಲ್ಲಿ ಜಾರಿಗೆ ಬಂದ, ಬಳಸಿದ ಇಂಧನ ಮತ್ತು ವಿಕಿರಣಶೀಲ ತ್ಯಾಜ್ಯದ ಸುರಕ್ಷತೆಯ ಅಂತರರಾಷ್ಟ್ರೀಯ ಜಂಟಿ ಒಡಂಬಡಿಕೆಯ 12ನೇ ವಿಧಿಯನ್ನೂ ಓದಿಕೊಳ್ಳಿ. ಹಳೇ ಪದ್ಧತಿಗಳ ಫಲಿತಾಂಶವನ್ನು ಪರಿಶೀಲಿಸಿ, ಕೈಹಾಕಬೇಕೋ ಬೇಡವೋ ತೀರ್ಮಾನಿಸಿ ಎನ್ನುತ್ತದೆ. ಕೈಹಾಕಿದ್ದರಿಂದ ತಗ್ಗುವ ಹಾನಿ, ಕೈಹಾಕುವುದರ ಹಾನಿ ಮತ್ತು ಖರ್ಚನ್ನು ಸಮರ್ಥಿಸುವಷ್ಟು ಇರಬೇಕು, ಸಾಮಾಜಿಕ ಖರ್ಚೂ ಸೇರಿ. ಮೂಗಿಗಿಂತ ಮೂಗುತಿ ಭಾರವಾಗಬಾರದು ಎಂಬುದನ್ನೇ ಕಾನೂನಿನ ಭಾಷೆಯಲ್ಲಿ ಹೇಳಿದ್ದಾರೆ.

ಸಂಖ್ಯೆಗಳಿಗಿಂತ ಮೊದಲು ಬರೆಯಬೇಕಾದ ಸಾಲು ಬೇರೆಯೇ ಇದೆ: ಯಾವ ಕಾನೂನು, ಯಾರ ಅಧಿಕಾರ. ಜರ್ಮನಿಯ ಆಸ್ಸೆ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಡ್ರಮ್‌ ಹಾಗೂ ಪೆಟ್ಟಿಗೆಗಳನ್ನು ಇಟ್ಟರು. 2009ರವರೆಗೂ ಆ ಜಾಗ ನಡೆದದ್ದು ಗಣಿ ಕಾನೂನಿನ ಕೆಳಗೆ, ಪರಮಾಣು ಕಾನೂನಿನ ಕೆಳಗಲ್ಲ. ಗಣಿ ಕಾನೂನಿಗೆ ಮುಖ್ಯವಾದದ್ದು ಸುರಂಗ ಕುಸಿಯದೆ ನಿಲ್ಲುತ್ತದೆಯೇ ಎಂಬುದು. ಒಳಗೆ ಒಸರುವ ಉಪ್ಪುನೀರು ಸಾವಿರಾರು ವರ್ಷದಲ್ಲಿ ಏನನ್ನು ಎಲ್ಲಿಗೆ ಹೊತ್ತೊಯ್ಯುತ್ತದೆ ಎಂದು ಕೇಳುವ ಕಾನೂನು ಅದಲ್ಲ. 2013ರಲ್ಲಿ ಅದನ್ನೆಲ್ಲ ಹೊರತೆಗೆಯಬೇಕೆಂದು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ನಿಮ್ಮ ತೊಟ್ಟಿಯ ಕೆಸರಿನಲ್ಲಿ ನೈಟ್ರೇಟ್, ಪಾದರಸ, ದ್ರಾವಕಗಳಿದ್ದರೆ ರಾಸಾಯನಿಕ ತ್ಯಾಜ್ಯದ ಅಧಿಕಾರಿಯೂ ಬರುತ್ತಾರೆ. 177 ನೆಲದಡಿಯ ತ್ಯಾಜ್ಯದ ತೊಟ್ಟಿಗಳಿರುವ ಅಮೆರಿಕದ ಅಣ್ವಸ್ತ್ರ ಜಾಗ ಹ್ಯಾನ್‌ಫರ್ಡ್‌ನಲ್ಲಿ 1989ರಲ್ಲಿ ಇಂಧನ ಇಲಾಖೆ, ಪರಿಸರ ಸಂಸ್ಥೆ ಮತ್ತು ವಾಷಿಂಗ್ಟನ್ ರಾಜ್ಯ ಸೇರಿ ತ್ರಿಪಕ್ಷೀಯ ಒಪ್ಪಂದ ಮಾಡಿಕೊಂಡದ್ದು ಇದೇ ಕಾರಣಕ್ಕೆ. ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಯಾರದು ಎಂಬುದು ಮೊದಲ ಪುಟದಲ್ಲೇ ಇರಲಿ.

---

ಒಸರುನೀರು

ತೆಗೆಯುವುದೋ ಬಿಡುವುದೋ ಎಂಬ ಪ್ರಶ್ನೆಗೆ ಎರಡು ವಿಷಯ ನೋಡಿ: ಕಂದಕದೊಳಗಿನ ನೀರು, ಮತ್ತು ಅರ್ಧಾಯು, ಅಂದರೆ ವಿಕಿರಣಶೀಲತೆ ಅರ್ಧಕ್ಕಿಳಿಯಲು ಬೇಕಾದ ಕಾಲ. ಉಳಿದದ್ದೆಲ್ಲ ಆಮೇಲೆ.

ಜೇಡಿಮಣ್ಣು ಎಂದಿರಿ. ಜೇಡಿ ನೀರನ್ನು ಬಿಡುವುದಿಲ್ಲ, ಆದ್ದರಿಂದ ಒಳ್ಳೆಯದು ಎಂದು ಅಂದಿನವರು ಅಂದುಕೊಂಡಿದ್ದರು. ಆಗುವುದೇನೆಂದರೆ, ಡ್ರಮ್ ತುಕ್ಕು ಹಿಡಿದು ಕುಸಿಯುತ್ತದೆ, ಮೇಲಿನ ಮಣ್ಣಿನ ಹೊದಿಕೆ ಗುಂಡಿ ಬೀಳುತ್ತದೆ, ಮಳೆನೀರು ಆ ಗುಂಡಿಯಲ್ಲಿ ನಿಂತು ಬಿರುಕಿನ ಮೂಲಕ ಇಳಿಯುತ್ತದೆ. ಇಳಿದ ನೀರಿಗೆ ಕೆಳಗೆ ದಾರಿಯಿಲ್ಲ. ಕಂದಕ ಬಚ್ಚಲತೊಟ್ಟಿಯ ಹಾಗೆ ತುಂಬಿ, ಕೊನೆಗೆ ಅಂಚಿನಿಂದ ಉಕ್ಕುತ್ತದೆ. ಅಮೆರಿಕದ ಇಂಥವೇ ಹೂಳುಜಾಗಗಳಾದ ಕೆಂಟಕಿಯ ಮ್ಯಾಕ್ಸಿ ಫ್ಲಾಟ್ಸ್, ನ್ಯೂಯಾರ್ಕ್ ರಾಜ್ಯದ ವೆಸ್ಟ್ ವ್ಯಾಲಿ, ಎರಡೂ ಕಡೆ ಇದೇ ಕಥೆ. ವೆಸ್ಟ್ ವ್ಯಾಲಿಯಲ್ಲಿ 1975ರಲ್ಲಿ ಕಂದಕದ ನೀರು ಹೊದಿಕೆಯ ಮೂಲಕ ಹೊರಬಂತು, ಮ್ಯಾಕ್ಸಿ ಫ್ಲಾಟ್ಸ್ 1977ರಲ್ಲಿ ಮುಚ್ಚಿತು. ಅಂತರ್ಜಲ ಒಂಬತ್ತು ಮೀಟರ್ ಕೆಳಗಿದೆ ಎಂಬುದು ಇಲ್ಲಿ ಸಮಾಧಾನ ಕೊಡುವ ಸಂಗತಿಯಲ್ಲ. ಕಂದಕವೇ ತನ್ನದೊಂದು ನೀರಿನ ಮಟ್ಟ ಮಾಡಿಕೊಂಡಿರುತ್ತದೆ.

ಹಾಗಾಗಿ ಮೊದಲ ಷರತ್ತು: ಪ್ರತಿ ಕಂದಕದ ಎರಡೂ ತುದಿಯಲ್ಲಿ ತಳದವರೆಗೆ ರಂಧ್ರವಿರುವ ಕೊಳವೆ, ತಿಂಗಳಿಗೊಮ್ಮೆ ನೀರಿನ ಮಟ್ಟ, ಮೂರು ತಿಂಗಳಿಗೊಮ್ಮೆ ಮಾದರಿ. ಸುತ್ತಲಿನ ಮಣ್ಣಿನ ನೀರಿಗಿಂತ ಕಂದಕದ ನೀರು ಮೇಲಿದ್ದರೆ ಅದು ಉಕ್ಕುವ ಹಾದಿಯಲ್ಲಿದೆ ಎಂದೇ ಅರ್ಥ. ಮಾದರಿಯಲ್ಲಿ ಮೊದಲು ಕಾಣುವುದು ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್), ಅದು ನೀರೇ ಆಗಿ ನೀರಿನ ವೇಗದಲ್ಲೇ ಹರಿಯುತ್ತದೆ. ಸ್ಟ್ರಾನ್ಷಿಯಂ-90 ಹಿಂದಿನಿಂದ ಬರುತ್ತದೆ. ಸೀಸಿಯಂ-137 ಜೇಡಿಗೆ ಅಂಟಿಕೊಂಡು ಕೂರುತ್ತದೆ. ಟೆಕ್ನೀಷಿಯಂ-99 ಆಮ್ಲಜನಕವಿರುವ ನೀರಿನಲ್ಲಿ ಎಲ್ಲೂ ನಿಲ್ಲುವುದಿಲ್ಲ. ಬಾವಿಯಲ್ಲಿ ಸೀಸಿಯಂ ಇಲ್ಲ, ಆದ್ದರಿಂದ ಸೋರಿಕೆ ಇಲ್ಲ ಎಂಬ ವರದಿ ಬಂದರೆ ಅದನ್ನು ವಾಪಸ್ ಕಳಿಸಿ.

ಒಂದು ಬಲೆ ಇದೆ. ಅಂಟಿಕೊಳ್ಳುವ ಲೋಹ ಎಂದು ಲೆಕ್ಕ ಹಾಕಿದ್ದು ಯಾವಾಗಲೂ ಅಂಟಿಕೊಂಡಿರುವುದಿಲ್ಲ. ಅಮೆರಿಕದ ಪರಮಾಣು ಪ್ರಯೋಗಾಲಯ ಓಕ್ ರಿಡ್ಜ್‌ನ ಹೂಳುಜಾಗದಲ್ಲಿ ಕೋಬಾಲ್ಟ್-60 ನಿರೀಕ್ಷೆಗೂ ಮೀರಿ ಹರಿದದ್ದಕ್ಕೆ ಕಾರಣ ಇಡಿಟಿಎ, ಅಂದರೆ ತೊಳೆಯುವ ದ್ರಾವಣದಲ್ಲಿ ಬಳಸುವ ರಾಸಾಯನಿಕ, ಎಂದು 1978ರಲ್ಲೇ ತೋರಿಸಿದ್ದಾರೆ. ಅದು ಲೋಹದ ಅಯಾನನ್ನು ಸುತ್ತುವರಿದು ಮಣ್ಣಿಗೆ ಅಂಟದಂತೆ ಮಾಡುತ್ತದೆ. ಆ ಲೆಡ್ಜರ್‌ನಲ್ಲಿ "ತೊಳೆದ ದ್ರವ", "ಹೀರಿಸಿದ ದ್ರವ" ಎಂಬ ಸಾಲುಗಳಿವೆಯೇ ನೋಡಿ. ಇದ್ದರೆ ಆ ಕಂದಕಕ್ಕೆ ಪುಸ್ತಕದ ಮಾಮೂಲಿ ಅಂಟುಗುಣಾಂಕ (ಮಣ್ಣಿಗೆ ಎಷ್ಟು ಅಂಟುತ್ತದೆ ಎಂಬ ಅಂಕಿ) ಬಳಸುವಂತಿಲ್ಲ.

ಇನ್ನು ಅರ್ಧಾಯು. ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90 ಸುಮಾರು 30 ವರ್ಷದವು. 300 ವರ್ಷದಲ್ಲಿ ಹತ್ತು ಅರ್ಧಾಯು ಕಳೆದು ಸಾವಿರದ ಒಂದು ಪಾಲಾಗುತ್ತವೆ. ಅವೇ ಹೆಚ್ಚಿರುವ ಕಂದಕವನ್ನು ಒಳ್ಳೆಯ ಹೊದಿಕೆ, ಪಕ್ಕದ ಗೋಡೆ, ನೀರು ಹೊರಹಾಕುವ ವ್ಯವಸ್ಥೆ ಕೊಟ್ಟು ಬಿಡಬಹುದು. ಅದಕ್ಕೂ ಮಿತಿಯಿದೆ: ಕಾವಲು ಇರುತ್ತದೆಂದು ನಂಬುವುದನ್ನು ಅಮೆರಿಕದ ಕೆಳಮಟ್ಟದ ತ್ಯಾಜ್ಯದ ನಿಯಮ 100 ವರ್ಷಕ್ಕೇ ನಿಲ್ಲಿಸುತ್ತದೆ. ಆಮೇಲೆ ತಿಳಿಯದೆ ಯಾರೋ ಪಾಯ ತೋಡುತ್ತಾರೆ ಎಂದೇ ಲೆಕ್ಕ ಹಾಕಬೇಕು. ರೇಡಿಯಂ-226ಕ್ಕೆ 1,600 ವರ್ಷ, ಪ್ಲುಟೋನಿಯಂ-239ಕ್ಕೆ 24,100. ಅವುಗಳಿಗೆ ಐದು ಮೀಟರ್ ಆಳದ ಮಣ್ಣು ಉತ್ತರವಲ್ಲ. ನೆಲದ ಮೇಲ್ಪದರದ ವಿಲೇವಾರಿಗೆ ಆಲ್ಫಾ ಕಣ ಹೊಮ್ಮಿಸುವ ದೀರ್ಘಾಯು ವಸ್ತು ಎಷ್ಟಿರಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಐಎಇಎ 2009ರ ವರ್ಗೀಕರಣದಲ್ಲಿ ಅಂದಾಜು ಗೆರೆ ಎಳೆದಿದೆ: ಸರಾಸರಿ ಗ್ರಾಂಗೆ 400 ಬೆಕ್ವೆರೆಲ್ (ವಿಕಿರಣಶೀಲತೆಯ ಈಗಿನ ಮಾನ), ಯಾವ ಒಂದು ಪೊಟ್ಟಣದಲ್ಲೂ 4,000 ಮೀರದಂತೆ.

ಎಂಟೂ ಕಂದಕಕ್ಕೆ ಒಂದೇ ತೀರ್ಪು ಬೇಡ ಎಂಬುದು ನನ್ನ ಅಭಿಪ್ರಾಯ. ರೇಡಿಯಂ, ಪ್ಲುಟೋನಿಯಂ, ಯುರೇನಿಯಂ ತುರಿ ಇರುವ ಭಾಗಗಳನ್ನು ತೆಗೆಯಿರಿ, ತೊಟ್ಟಿಯ ಕೆಸರನ್ನು ಖಂಡಿತ ತೆಗೆಯಿರಿ, ಉಳಿದದ್ದನ್ನು ಮುಚ್ಚಿ. ಆದರೆ ಮುಚ್ಚುವ ಮುಂಚೆ ಒಳಗಿನ ಪೊಳ್ಳುಗಳನ್ನು ಭಾರ ಬೀಳಿಸಿ ದಮ್ಮಸ್ಸು ಮಾಡಿಯೋ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿಯೋ ಇಲ್ಲವಾಗಿಸಿ. ಕುಸಿಯುವುದು ಬಾಕಿಯಿರುವ ಕಂದಕದ ಮೇಲೆ ದುಬಾರಿ ಹೊದಿಕೆ ಹಾಕಿದರೆ ಅದೂ ಮತ್ತೆ ಗುಂಡಿ ಬೀಳುತ್ತದೆ.

---

ಪೀಪಾಯಿಪುರಾಣ

ಅಗೆಯುವ ಭಾಗಕ್ಕೆ ಬರುತ್ತೇನೆ. ಇಲ್ಲಿ ಅನಾಹುತವಾಗುವುದು ಹೆಚ್ಚಾಗಿ ವಿಕಿರಣದಿಂದಲ್ಲ, ರಸಾಯನದಿಂದ.

ಷರತ್ತಿನ ಬೆನ್ನೆಲುಬು ಹೋಲ್ಡ್ ಪಾಯಿಂಟ್‌ಗಳು, ಅಂದರೆ ನಿಯಂತ್ರಕರ ಲಿಖಿತ ಒಪ್ಪಿಗೆಯಿಲ್ಲದೆ ದಾಟಬಾರದ ಗೆರೆಗಳು. ಐದು ಸಾಕು: ಮೇಲ್ಮಣ್ಣು ತೆಗೆಯುವ ಮುಂಚೆ, ಮೊದಲ ಡ್ರಮ್ ಎತ್ತುವ ಮುಂಚೆ, ಪ್ರಾಯೋಗಿಕ ಭಾಗ ಮುಗಿದ ಮೇಲೆ, ಮೊದಲ ಸಲ ಸಂಸ್ಕರಿಸುವ ಮುಂಚೆ, ಗುಂಡಿ ಮುಚ್ಚುವ ಮುಂಚೆ. ಇಪ್ಪತ್ತು ಹಾಕಿದರೆ ಸಹಿ ಹಾಕುವುದು ಗುಮಾಸ್ತಿಕೆಯಾಗಿಬಿಡುತ್ತದೆ, ಯಾರೂ ಓದುವುದಿಲ್ಲ.

ಪ್ರಾಯೋಗಿಕ ಭಾಗವನ್ನು ಲೆಡ್ಜರ್ ಅತ್ಯಂತ ಸರಿಯಾಗಿರುವ, ಅಪಾಯ ಕಡಿಮೆಯಿರುವ ತುದಿಯಲ್ಲಿ ಮಾಡಿಸಿ, ಹತ್ತು ಮೀಟರ್ ಉದ್ದ ಸಾಕು. ಲೆಡ್ಜರ್ ಹೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಎಷ್ಟು ವ್ಯತ್ಯಾಸ ಎಂಬ ಪಟ್ಟಿ ಕೇಳಿ. ಉಳಿದ ಏಳು ಕಂದಕದ ವಿಷಯದಲ್ಲಿ ಆ ಲೆಡ್ಜರನ್ನು ಎಷ್ಟು ನಂಬಬಹುದು ಎಂಬುದಕ್ಕೆ ಅದೊಂದೇ ಅಳತೆಗೋಲು.

ಅಗೆಯುವ ಜಾಗದ ಮೇಲೆ ಡೇರೆ, ಒಳಗೆ ಹೊರಗಿಗಿಂತ ಕಡಿಮೆ ಒತ್ತಡ, ಹೊರಹೋಗುವ ಗಾಳಿಗೆ ಒಂದರ ಹಿಂದೆ ಒಂದು ಎರಡು ಹೆಪಾ (ಅತಿ ಸೂಕ್ಷ್ಮ ದೂಳು ಹಿಡಿಯುವ) ಶೋಧಕ. ಇದು ಎಲ್ಲರಿಗೂ ಗೊತ್ತಿರುವುದೇ. ಮರೆಯುವುದು ಈ ಕೆಳಗಿನವು.

ಯುರೇನಿಯಂ ತುರಿ. ಸಣ್ಣ ಚೂರು ಗಾಳಿ ಸಿಕ್ಕರೆ ತಾನಾಗಿ ಹೊತ್ತಿಕೊಳ್ಳಬಹುದು, ಅದಕ್ಕೇ ಆಗಿನವರು ಎಣ್ಣೆಯಲ್ಲಿ ಮುಳುಗಿಸಿ ಡ್ರಮ್‌ಗೆ ತುಂಬುತ್ತಿದ್ದರು. ಡ್ರಮ್ ತೂತಾಗಿ ಎಣ್ಣೆ ಸೋರಿಹೋಗಿದ್ದರೆ ತುರಿ ಒಣಗಿ ಕಾಯುತ್ತಿರುತ್ತದೆ. ಹ್ಯಾನ್‌ಫರ್ಡ್‌ನ 618-4 ಹೂಳುಜಾಗದಲ್ಲಿ 1998ರಲ್ಲಿ ಇಂಥ ಎಣ್ಣೆ-ಯುರೇನಿಯಂ ಡ್ರಮ್‌ಗಳು ಸಿಕ್ಕಿ ಅಗೆತವನ್ನೇ ನಿಲ್ಲಿಸಬೇಕಾಯಿತು. ಷರತ್ತಿನಲ್ಲಿ ಬರೆಯಿಸಿ: ಕೈಯಳತೆಯಲ್ಲಿ ಒಣ ಮರಳು ಮತ್ತು ಲೋಹದ ಬೆಂಕಿಗೆಂದೇ ಇರುವ ಪುಡಿ, ಡ್ರಮ್ ಮೇಲ್ಮೈಯ ಉಷ್ಣತೆ ನೋಡಲು ಥರ್ಮಲ್ ಕ್ಯಾಮೆರಾ. ಉರಿಯುವ ಯುರೇನಿಯಂ ಮೇಲೆ ಕೊಂಚ ಕೊಂಚ ನೀರು ಎರಚಿದರೆ ಹೈಡ್ರೋಜನ್ ಎದ್ದು ಇನ್ನೂ ಕೆಡುತ್ತದೆ.

ಉಬ್ಬಿದ ಡ್ರಮ್. ವಿಕಿರಣ ನೀರನ್ನೂ ಪ್ಲಾಸ್ಟಿಕ್ಕನ್ನೂ ಒಡೆದು ಹೈಡ್ರೋಜನ್ ಮಾಡುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇ 4 ದಾಟಿದರೆ ಹೊತ್ತಿಕೊಳ್ಳುವ ಮಟ್ಟ. ಕೆಲಸ ನಿಲ್ಲಿಸುವ ಮಟ್ಟವನ್ನು ಅದರ ಕಾಲುಭಾಗಕ್ಕೆ, ಶೇ 1ಕ್ಕೆ ಇಡಿ. ಉಬ್ಬಿದ್ದನ್ನು ಎತ್ತಬಾರದು. ಇದ್ದಲ್ಲೇ ದೂರದಿಂದ, ಕಿಡಿ ಹಾರದ ಮೊನೆಯಿಂದ ತೂತು ಹಾಕಿ, ಶೋಧಕವಿರುವ ಗಾಳಿಕಿಂಡಿ ಕೂರಿಸಿ, ಆಮೇಲೆ 320 ಲೀಟರಿನ ಹೊರ ಡ್ರಮ್‌ಗೆ ಇಳಿಸಬೇಕು. ಹೊರ ಡ್ರಮ್‌ಗೂ ಗಾಳಿಕಿಂಡಿ ಇರಬೇಕು. ಇದನ್ನು ಬಿಟ್ಟು ಒಳಗಿನದಕ್ಕೆ ಮಾತ್ರ ಹಾಕಿದ ಉದಾಹರಣೆಗಳು ಬೇಕಾದಷ್ಟಿವೆ.

ಹೀರುವ ವಸ್ತು. ಇದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು. ನ್ಯೂ ಮೆಕ್ಸಿಕೋದ ಡಬ್ಲ್ಯುಐಪಿಪಿ, ಉಪ್ಪಿನ ಪದರದಲ್ಲಿ 655 ಮೀಟರ್ ಆಳದ ವಿಲೇವಾರಿ ಘಟಕ. 2014ರ ಫೆಬ್ರುವರಿ 14ರಂದು ಅಲ್ಲಿ ಒಂದು ಡ್ರಮ್ ಒಳಗಿನಿಂದ ಕಾದು ಬಿರಿಯಿತು. ಅಣ್ವಸ್ತ್ರ ಪ್ರಯೋಗಾಲಯ ಲಾಸ್ ಅಲಾಮೋಸ್‌ನಿಂದ ಬಂದಿದ್ದ ನೈಟ್ರೇಟ್ ಲವಣದ ತ್ಯಾಜ್ಯ ಅದು. ದ್ರವ ಹೀರಿಸಲು ಬೆಕ್ಕಿನ ಮಲದ ತಟ್ಟೆಗೆ ಹಾಕುವ ಪುಡಿ ಬಳಸುತ್ತಾರೆ. ಅದು ಜೇಡಿಯದ್ದಾಗಿರಬೇಕಿತ್ತು, ಕಾರ್ಯವಿಧಾನದ ಬರಹದಲ್ಲಿ ಸಾವಯವ ಎಂದು ಸೇರಿಕೊಂಡು, ಗೋಧಿಯಿಂದ ಮಾಡಿದ ಪುಡಿ ಹಾಕಿದರು. ನೈಟ್ರೇಟ್ ಆಮ್ಲಜನಕ ಕೊಡುತ್ತದೆ, ಗೋಧಿ ಉರುವಲಾಗುತ್ತದೆ. ಒಂದು ಡ್ರಮ್‌ನಿಂದ ಇಡೀ ಘಟಕ 2017ರ ಜನವರಿವರೆಗೆ ತ್ಯಾಜ್ಯವನ್ನು ನೆಲದಡಿಗೆ ಇಳಿಸಲಿಲ್ಲ. ನಿಯಂತ್ರಕರು ಇಲ್ಲಿಂದ ಎತ್ತಿಕೊಳ್ಳಬೇಕಾದ ಷರತ್ತು ನಿಖರವಾಗಿದೆ: ಹೀರುವ ವಸ್ತು, ತಟಸ್ಥಗೊಳಿಸುವ ರಾಸಾಯನಿಕ, ಒಳಚೀಲ, ಇವುಗಳಲ್ಲಿ ಯಾವುದೇ ಒಂದರ ಬ್ರ್ಯಾಂಡ್ ಬದಲಾದರೂ ಅದು "ಸಣ್ಣ ತಿದ್ದುಪಡಿ" ಅಲ್ಲ. ರಸಾಯನಶಾಸ್ತ್ರಜ್ಞರ ಸಹಿಯಿರುವ ಹೊಂದಾಣಿಕೆ ಪರಿಶೀಲನೆ ಬೇಕು. ಹಳೇ ತ್ಯಾಜ್ಯದಲ್ಲಿ ನೈಟ್ರೇಟ್ ಇಲ್ಲವೆಂದು ತೋರಿಸುವವರೆಗೆ ಇದೆಯೆಂದೇ ಹಿಡಿಯಿರಿ.

ಸಿಮೆಂಟ್. ಎಲ್ಲರ ಕೈ ಮೊದಲು ಹೋಗುವುದು ಸಿಮೆಂಟಿಗೇ. ಅಲ್ಯೂಮಿನಿಯಂ ಚೂರಿದ್ದರೆ ಸಿಮೆಂಟಿನ ಕ್ಷಾರದಲ್ಲಿ ಹೈಡ್ರೋಜನ್ ಎದ್ದು ಗಾರೆ ಸ್ಪಂಜಿನಂತಾಗುತ್ತದೆ. ಅಯಾನು ವಿನಿಮಯ ರಾಳದ ಮಣಿಗಳು ನೀರು ಕುಡಿದು ಉಬ್ಬಿ ಗಟ್ಟಿಯಾದ ಗಾರೆಯನ್ನೇ ಸೀಳುತ್ತವೆ. ಬೋರೇಟ್ ಇದ್ದರೆ ಗಾರೆ ಗಟ್ಟಿಯಾಗುವುದೇ ತಡ. ಸಲ್ಫೇಟ್ ಹೆಚ್ಚಿದ್ದರೆ ವರ್ಷಗಳ ನಂತರ ಬಿರುಕು. ಹಾಗೆಂದು ಬಿಟುಮೆನ್ ಕಡೆ ಓಡಬೇಡಿ, ಜಪಾನಿನ ಟೋಕಾಯ್‌ಯಲ್ಲಿ 1997ರ ಮಾರ್ಚ್‌ನಲ್ಲಿ ಲವಣ ಬೆರೆಸಿದ ಬಿಟುಮೆನ್ ಡ್ರಮ್‌ಗಳಿಗೆ ಬೆಂಕಿ ಹತ್ತಿ ಆಮೇಲೆ ಸ್ಫೋಟವಾಯಿತು. ಯಾವ ಅಂತಿಮ ಘಟಕಕ್ಕೆ ಹೋಗುತ್ತದೋ ಅದರ ಸ್ವೀಕಾರ ಮಾನದಂಡ ಕೈಯಲ್ಲಿಲ್ಲದೆ ವಾಪಸ್ ಬಿಡಿಸಲಾಗದ ಯಾವ ಸಂಸ್ಕರಣೆಗೂ ಒಪ್ಪಿಗೆ ಕೊಡಬೇಡಿ.

ರೇಡಿಯಂ ಮೂಲಗಳನ್ನಂತೂ ಸಿಮೆಂಟಿನಲ್ಲಿ ಹುಗಿಯಲೇಬೇಡಿ. ರೇಡಿಯಂ ರೇಡಾನ್ ಅನಿಲವನ್ನೂ ಹೀಲಿಯಂನ್ನೂ ಹುಟ್ಟಿಸುತ್ತದೆ, ಹಳೇ ಕೋಶಗಳು ಒತ್ತಡಕ್ಕೆ ಸೋರುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಕೋಶಕ್ಕೆ ಹಾಕಿ, ವೆಲ್ಡ್ ಮಾಡಿ, ಸೋರಿಕೆ ಪರೀಕ್ಷೆ ಮಾಡಿ, ಸೀಸದ ಕವಚದಲ್ಲಿಟ್ಟು, ಬೇಕೆಂದಾಗ ತೆಗೆಯಲಾಗುವಂತೆ ಇಡುವುದು ರೂಢಿ.

ಕೊನೆಯದಾಗಿ, ವಿದಳನಶೀಲ ವಸ್ತು, ಅಂದರೆ ಸಾಕಷ್ಟು ಒಟ್ಟುಗೂಡಿದರೆ ತಾನಾಗಿ ಸರಪಳಿ ಕ್ರಿಯೆ ಶುರುವಾಗಬಹುದಾದದ್ದು. ಡ್ರಮ್‌ನಲ್ಲಿ ಪ್ಲುಟೋನಿಯಂ ಎಷ್ಟಿದೆ ಎಂದು ಗೊತ್ತಿಲ್ಲದಿದ್ದರೆ ಅಳೆಯುವವರೆಗೆ ಒಂದರ ಪಕ್ಕ ಒಂದು ಪೇರಿಸುವಂತಿಲ್ಲ. 200 ಲೀಟರಿನ ಡ್ರಮ್‌ಗೆ ಡಬ್ಲ್ಯುಐಪಿಪಿಯ ಮಿತಿ ಪ್ಲುಟೋನಿಯಂ-239ರ ಲೆಕ್ಕದಲ್ಲಿ 200 ಗ್ರಾಂ.

---

ಕರಡುಕಾರ

ಇದು ತುಂಬ ಉಪಯೋಗವಾಯಿತು. ಒಂದು ಮರುಪ್ರಶ್ನೆ. "ಅಳೆಯುವವರೆಗೆ" ಎಂದಿರಿ. ಪ್ರತಿ ಡ್ರಮ್ ಬಿಚ್ಚಿ ನೋಡಬೇಕೆಂದು ಕೇಳಿದರೆ ಕೆಲಸಗಾರರ ಡೋಸ್ ಏರುತ್ತದೆ, ಬಿಚ್ಚದಿದ್ದರೆ ಒಳಗಿನದು ಗೊತ್ತಾಗುವುದಿಲ್ಲ. ಹೊರಗಿನಿಂದ ಗಾಮಾ ಅಳೆದು, ಸೀಸಿಯಂಗೆ ಇಷ್ಟು ಸ್ಟ್ರಾನ್ಷಿಯಂ ಎಂಬ ಅನುಪಾತ ಹಾಕಿದರೆ ಒಪ್ಪಬಹುದೇ?

---

ಗಾಮಾಗಣಕ

ಒಂದೇ ಬಗೆಯ ಕೆಲಸದಿಂದ ಬಂದ ತ್ಯಾಜ್ಯವಾದರೆ ಒಪ್ಪಬಹುದು. ರಿಯಾಕ್ಟರ್‌ನ ರಾಳಕ್ಕೆ ಕೋಬಾಲ್ಟ್-60ರಿಂದ ನಿಕಲ್-63, ಸೀಸಿಯಂ-137ರಿಂದ ಸ್ಟ್ರಾನ್ಷಿಯಂ-90 ಎಂದು ಅನುಪಾತ ಹಾಕುವುದು ಸರಿಯಾದ ಪದ್ಧತಿಯೇ. ನಿಮ್ಮ ಕಂದಕಕ್ಕೆ ಅದನ್ನು ಹಾಗೇ ತಂದರೆ ತಪ್ಪು, ಎರಡು ಕಾರಣಕ್ಕೆ. ಪ್ರಯೋಗಾಲಯದ ಕಸ ನೂರು ಬೇರೆ ಬೇರೆ ಕೆಲಸಗಳಿಂದ ಬಂದದ್ದು, ಅದಕ್ಕೆ ಒಂದು ಅನುಪಾತವಿಲ್ಲ. ಎರಡನೆಯದಾಗಿ, ದಶಕಗಳ ಕಾಲ ನೀರಿನಲ್ಲಿ ನೆನೆದದ್ದರಲ್ಲಿ ಕರಗುವುದು ಹೊರಟುಹೋಗಿ ಅನುಪಾತವೇ ಕೆಟ್ಟಿರುತ್ತದೆ. ಟ್ರಿಟಿಯಂಗಂತೂ ಯಾವ ಗಾಮಾ ಐಸೋಟೋಪೂ ಜಾಮೀನು ನಿಲ್ಲುವುದಿಲ್ಲ.

ಬಿಚ್ಚದೆ ಮಾಡಬಹುದಾದದ್ದು ಈ ಕ್ರಮದಲ್ಲಿ. ಮೊದಲು ಎಕ್ಸ್-ರೇ: ನಿಂತ ದ್ರವ, ಅನಿಲದ ಸಿಲಿಂಡರ್, ಸೀಸದ ಡಬ್ಬಿ ಇವೆಯೇ ನೋಡಲು. ಡ್ರಮ್ಮನ್ನು ಸ್ವಲ್ಪ ಅಲುಗಿಸಿ ನೋಡಿದರೆ ದ್ರವದ ಅಂಚು ಅಲೆಯುವುದು ಪರದೆಯಲ್ಲಿ ಕಾಣುತ್ತದೆ. ಬಿಡಿ ದ್ರವಕ್ಕೆ ಅಮೆರಿಕದ ಮಿತಿ ಗಾತ್ರದ ಶೇ 1. ಆಮೇಲೆ ಡ್ರಮ್ಮನ್ನು ತಿರುಗಿಸುತ್ತ, ಅಡ್ಡಪದರಗಳಾಗಿ ಗಾಮಾ ರೋಹಿತ, ಅಂದರೆ ಯಾವ ಶಕ್ತಿಯ ಗಾಮಾ ಕಿರಣ ಎಷ್ಟು ಎಂಬ ಅಳತೆ. ಸೀಸಿಯಂನ 662 ಕೆಇವಿ (ಕಿರಣದ ಶಕ್ತಿಯ ಮಾನ) ಗೆರೆ ಕಸದ ಮೂಲಕ ಸುಲಭವಾಗಿ ಹಾಯುತ್ತದೆ. ಪ್ಲುಟೋನಿಯಂ ಜೊತೆಗೇ ಇರುವ ಅಮೆರಿಸಿಯಂ-241ರ 60 ಕೆಇವಿ ಗೆರೆ ಲೋಹದ ಚೂರಿದ್ದರೆ ಅಲ್ಲೇ ಸಾಯುತ್ತದೆ, ಆದ್ದರಿಂದ ಪ್ಲುಟೋನಿಯಂಗೆ 414 ಕೆಇವಿ ಗೆರೆ ಮತ್ತು ನ್ಯೂಟ್ರಾನ್ ಎಣಿಕೆ ಎರಡೂ ಬೇಕು.

ದೊಡ್ಡ ದೋಷ ಬರುವುದು ಉಪಕರಣದಿಂದಲ್ಲ. ಒಳಗಿನದು ಸಮನಾಗಿ ಹರಡಿದೆ ಎಂದು ಲೆಕ್ಕ ಹಾಕುತ್ತೇವೆ, ನಿಜದಲ್ಲಿ ಅದು ಒಂದು ಮೂಲೆಯ ಸೀಸದ ಡಬ್ಬಿಯಲ್ಲಿ ಕೂತಿರುತ್ತದೆ. ಅದಕ್ಕೇ ಎಕ್ಸ್-ರೇ ಮೊದಲು. ಎಕ್ಸ್-ರೇಯಲ್ಲಿ ಸಾಂದ್ರ ಗಡ್ಡೆ ಕಂಡ ಡ್ರಮ್‌ಗಳನ್ನು ಮಾತ್ರ ಕೈಗವಸು ಜೋಡಿಸಿದ ಮುಚ್ಚುಪೆಟ್ಟಿಗೆಯಾದ ಗ್ಲೋವ್ ಬಾಕ್ಸ್‌ಗೆ ಕಳಿಸಿ ಬಿಚ್ಚಿಸಿ. ಉಳಿದವುಗಳಲ್ಲಿ ಕುರುಡು ಆಯ್ಕೆಯಿಂದ ಒಂದಷ್ಟನ್ನು ಬಿಚ್ಚಿ, ಹೊರಗಿನ ಅಳತೆ ಎಷ್ಟು ನಂಬಿಕಸ್ಥ ಎಂದು ನೋಡಿ.

ಷರತ್ತಿನಲ್ಲಿ ಎರಡು ವಾಕ್ಯ ಸೇರಿಸಿ. ಮಿತಿಗೆ ಹೋಲಿಸಬೇಕಾದದ್ದು ಅಳತೆಯ ನಡುಬೆಲೆಯನ್ನಲ್ಲ, ಅನಿಶ್ಚಿತತೆ ಸೇರಿಸಿದ ಮೇಲ್ಬೆಲೆಯನ್ನು. ಮಿತಿ ಮೀರಿದ್ದಕ್ಕೆ ಶುದ್ಧ ಮಣ್ಣು ಬೆರೆಸಿ ಸರಾಸರಿ ಇಳಿಸುವಂತಿಲ್ಲ. ಎರಡನೆಯದನ್ನು ಬರೆಯದಿದ್ದರೆ ಖಂಡಿತ ಯಾರಾದರೂ ಮಾಡುತ್ತಾರೆ.

---

ಅರ್ಗಾನ್

ಪೀಪಾಯಿಪುರಾಣ ಅವರ ಮಾತಿನಲ್ಲಿ ಒಂದಕ್ಕೆ ನನ್ನ ತಕರಾರಿದೆ. ಸ್ವೀಕಾರ ಮಾನದಂಡ ಬರುವವರೆಗೆ ಒಪ್ಪಿಗೆ ಕೊಡಬೇಡಿ ಎಂಬುದನ್ನು "ತೆಗೆಯಲೂ ಬೇಡಿ" ಎಂದು ಓದಿಕೊಳ್ಳುವವರಿದ್ದಾರೆ. ಕಾಯುವುದು ಸುಮ್ಮನಿರುವುದಲ್ಲ, ಅದೂ ಒಂದು ತೀರ್ಮಾನವೇ. ಬ್ರಿಟನ್ನಿನ ಸೆಲ್ಲಾಫೀಲ್ಡ್‌ನ ಮ್ಯಾಗ್ನಾಕ್ಸ್ ಸಿಪ್ಪೆಯ ಸೈಲೋ ನೋಡಿ. 22 ಕೋಣೆ, ನೀರಿನಲ್ಲಿ ಮುಳುಗಿಸಿದ ಮೆಗ್ನೀಸಿಯಂ ಮಿಶ್ರಲೋಹದ ಸಿಪ್ಪೆ, ಅಂದರೆ ರಿಯಾಕ್ಟರ್ ಇಂಧನದಿಂದ ಸುಲಿದ ಹೊರಕವಚ. ಮೆಗ್ನೀಸಿಯಂ ನೀರಿನೊಡನೆ ಸೇರಿ ಹೈಡ್ರಾಕ್ಸೈಡ್ ಕೆಸರಾಗುತ್ತ ಹೈಡ್ರೋಜನ್ ಬಿಡುತ್ತದೆ. ವರ್ಷ ಕಳೆದಷ್ಟೂ ಸಿಪ್ಪೆ ಹೋಗಿ ಕೆಸರು ಹೆಚ್ಚುತ್ತದೆ, ತೆಗೆಯುವುದು ಇನ್ನಷ್ಟು ಕಷ್ಟವಾಗುತ್ತದೆ. 1970ರ ದಶಕದಲ್ಲಿ ಒಮ್ಮೆ ಸೋರಿದ್ದು 2019ರಿಂದ ಮತ್ತೆ ನೆಲಕ್ಕೆ ಸೋರುತ್ತಿದೆ. ತೆಗೆಯಲು ಶುರುವಾದದ್ದು 2022ರಲ್ಲಿ. ಪಕ್ಕದ ಇನ್ನೊಂದು ಒಣ ಸೈಲೋದಲ್ಲಿ ಬೆಂಕಿಯ ಭಯಕ್ಕೆ ಅರ್ಗಾನ್ ತುಂಬಿ ಇಟ್ಟಿದ್ದಾರೆ, ಅಲ್ಲಿ ಮೊದಲ ತ್ಯಾಜ್ಯ ಹೊರಬಂದದ್ದು 2023ರಲ್ಲಿ.

ಹಳೇ ಕಟ್ಟಡ ಕೈಕೊಡುವ ಹಂತದಲ್ಲಿದ್ದರೆ, ಮೊದಲು ತೆಗೆದು ಗಟ್ಟಿ ಪೆಟ್ಟಿಗೆಗೆ ಹಾಕಿ ಹೊಸ ದಾಸ್ತಾನಿನಲ್ಲಿಡಿ, ಸಂಸ್ಕರಣೆ ಆಮೇಲೆ. ಪರಿಪೂರ್ಣ ರೂಪಕ್ಕಾಗಿ ಕಾದು ಸೋರುವ ತೊಟ್ಟಿಯಲ್ಲೇ ಬಿಡುವುದಕ್ಕಿಂತ ಇದು ಮೇಲು. ಕರಡುಕಾರರ ತೊಟ್ಟಿಯ ಕೆಸರಿಗೆ ಇದೇ ಅನ್ವಯಿಸುತ್ತದೆ.

---

ಪೀಪಾಯಿಪುರಾಣ

ಒಪ್ಪಿದೆ. ನಾನು ಬೇಡವೆಂದದ್ದು ವಾಪಸ್ ಬಿಡಿಸಲಾಗದ ಸಂಸ್ಕರಣೆಯನ್ನು, ತೆಗೆಯುವುದನ್ನಲ್ಲ. ಆದರೆ ಹಾಗೆ ಹಸಿಯಾಗಿ ಇಡುವ ಪೆಟ್ಟಿಗೆಗೆ ಗಾಳಿಕಿಂಡಿ, ಒಳಗೆ ಕ್ಯಾಮೆರಾ ಹೋಗುವಷ್ಟು ರಂಧ್ರ, ಎಷ್ಟು ವರ್ಷ ಇಡಬಹುದು ಎಂಬ ಗಡುವು, ಮೂರೂ ಷರತ್ತಿನಲ್ಲಿರಬೇಕು. ಗಡುವಿಲ್ಲದ "ತಾತ್ಕಾಲಿಕ" ದಾಸ್ತಾನು ಇನ್ನೊಂದು ಕಂದಕವೇ, ಸೂರು ಹಾಕಿದ್ದು ಅಷ್ಟೆ.

ಇನ್ನೊಂದು ಮಾತು. ಗುತ್ತಿಗೆದಾರರಿಗೆ ಡ್ರಮ್ ಲೆಕ್ಕದಲ್ಲಿ ಹಣ ಕೊಟ್ಟರೆ ಸುಲಭದ ಡ್ರಮ್‌ಗಳೆಲ್ಲ ಮೊದಲು ಹೊರಬರುತ್ತವೆ, ರೇಡಿಯಂ ಮತ್ತು ಕೆಸರು ಕೊನೆಗೆ ಉಳಿಯುತ್ತವೆ, ಅಷ್ಟರಲ್ಲಿ ಹಣ ಮುಗಿದಿರುತ್ತದೆ. ಪ್ರಗತಿ ವರದಿಯಲ್ಲಿ ಡ್ರಮ್ ಸಂಖ್ಯೆಯ ಬದಲು ತೆಗೆದ ಬೆಕ್ವೆರೆಲ್ ಕೇಳಿ, ಐಸೋಟೋಪ್‌ವಾರು.

---

ತಳಮಣ್ಣು

ನಾಲ್ಕನೇ ಪ್ರಶ್ನೆಗೆ ಯಾರೂ ಕೈಹಾಕಿಲ್ಲ. ಮುಗಿಯಿತು ಎನ್ನುವುದು ಯಾವಾಗ?

ಎಲ್ಲಕ್ಕಿಂತ ಸಾಮಾನ್ಯ ತಪ್ಪು, ಮುಕ್ತಿಮಟ್ಟವನ್ನೇ ಮಣ್ಣಿನ ಗುರಿಯಾಗಿ ಹಿಡಿಯುವುದು. ಐಎಇಎ 2004ರಲ್ಲಿ ಕೊಟ್ಟ ಪಟ್ಟಿಯಲ್ಲಿ ಗ್ರಾಂಗೆ ಸೀಸಿಯಂ-137 ಮತ್ತು ಕೋಬಾಲ್ಟ್-60ಕ್ಕೆ 0.1 ಬೆಕ್ವೆರೆಲ್, ಸ್ಟ್ರಾನ್ಷಿಯಂ-90ಕ್ಕೆ 1, ಟ್ರಿಟಿಯಂಗೆ 100. ಇವು ವರ್ಷಕ್ಕೆ 10 ಮೈಕ್ರೋಸೀವರ್ಟ್ ಆಧಾರದ ಮೇಲೆ, ನಿಯಂತ್ರಣದಿಂದ ಹೊರಹೋಗುವ ವಸ್ತುಗಳಿಗೆ ಹಾಕಿದ ಸಂಖ್ಯೆಗಳು. ಇವನ್ನೇ ಗುಂಡಿಯ ತಳಕ್ಕೆ ಹಾಕಿದರೆ ಅಗೆದಷ್ಟೂ ಮುಗಿಯುವುದಿಲ್ಲ, ತೆಗೆದ ಮಣ್ಣು ಮೂಲ ತ್ಯಾಜ್ಯದ ಹಲವು ಪಟ್ಟಾಗುತ್ತದೆ. ಮಣ್ಣಿನ ಗುರಿಯನ್ನು ಮಿತಿರೇಖೆ ಅವರು ಹೇಳಿದ ಬಿಡುಗಡೆಯ ಡೋಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ ಪಡೆಯಬೇಕು: ಮುಂದಿನ ಬಳಕೆ ಏನು, ಬಾವಿ ಇರುತ್ತದೆಯೇ, ಬೆಳೆ ಬೆಳೆಯುತ್ತಾರೆಯೇ.

ರೇಡಿಯಂಗೆ ಹೋಲಿಕೆಗೆ ಸಿಗುವುದು ಅಮೆರಿಕದ ಯುರೇನಿಯಂ ಗಿರಣಿಗಳ ಮಟ್ಟ. ಹಿನ್ನೆಲೆಯ ಮೇಲೆ ಗ್ರಾಂಗೆ 5 ಪಿಕೋಕ್ಯೂರಿ, ಅಂದರೆ 0.185 ಬೆಕ್ವೆರೆಲ್, ಮೇಲಿನ 15 ಸೆಂಟಿಮೀಟರ್‌ಗೆ. ಅದರ ಕೆಳಗಿನ 15 ಸೆಂಟಿಮೀಟರ್ ಪದರಗಳಿಗೆ 15 ಪಿಕೋಕ್ಯೂರಿ. ಎರಡೂ 100 ಚದರ ಮೀಟರ್ ಸರಾಸರಿಯಲ್ಲಿ. "ಹಿನ್ನೆಲೆಯ ಮೇಲೆ" ಎಂಬುದನ್ನು ಗಮನಿಸಿ. ಮಣ್ಣಿನಲ್ಲಿ ರೇಡಿಯಂ ಸಹಜವಾಗಿಯೇ ಇರುತ್ತದೆ, ಆದ್ದರಿಂದ ಅದೇ ಬಗೆಯ ಮಣ್ಣಿರುವ ಶುದ್ಧ ಜಾಗವೊಂದನ್ನು ಅಗೆಯುವ ಮುಂಚೆಯೇ ಅಳೆದಿಟ್ಟುಕೊಳ್ಳಬೇಕು. ಆಮೇಲೆ ಹುಡುಕಲು ಹೊರಟರೆ ಎಲ್ಲರೂ ತಮಗೆ ಅನುಕೂಲವಾದ ಹಿನ್ನೆಲೆಯನ್ನೇ ತರುತ್ತಾರೆ.

ರೇಡಿಯಂ ಮಾದರಿಯನ್ನು ಅದೇ ದಿನ ಎಣಿಸಬಾರದು. ಅದರ 186 ಕೆಇವಿ ಗೆರೆಯ ಮೇಲೆ ಯುರೇನಿಯಂ-235ರ ಗೆರೆ ಕೂತಿರುತ್ತದೆ, ನಿಮ್ಮ ಜಾಗದಲ್ಲಿ ಯುರೇನಿಯಂ ಬೇರೆ ಇದೆ. ಬಿಸ್ಮತ್-214ರ 609 ಕೆಇವಿ ಗೆರೆಯಿಂದ ಅಳೆಯಬೇಕು. ಮಣ್ಣು ಅಗೆದಾಗ ರೇಡಾನ್ ಹಾರಿಹೋಗಿ ಬಿಸ್ಮತ್ ತಗ್ಗಿರುತ್ತದೆ. ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿ ಕನಿಷ್ಠ ಮೂರು ವಾರ ಇಟ್ಟರೆ, ರೇಡಾನ್‌ನ 3.8 ದಿನದ ಅರ್ಧಾಯುವಿನ ಲೆಕ್ಕದಲ್ಲಿ, ಸಮತೋಲ ಮರಳಿ ಬರುತ್ತದೆ. ಗುತ್ತಿಗೆಯ ವೇಳಾಪಟ್ಟಿಯಲ್ಲಿ ಈ ಮೂರು ವಾರಕ್ಕೆ ಜಾಗ ಇಟ್ಟಿರುವುದೇ ಅಪರೂಪ. ತೆರೆದ ಗುಂಡಿಯಲ್ಲಿ ಮಳೆನೀರು ನಿಲ್ಲುತ್ತದೆ, ಒತ್ತಡ ಬರುತ್ತದೆ, ಮುಚ್ಚಿಬಿಡುತ್ತಾರೆ. ಐದನೇ ಹೋಲ್ಡ್ ಪಾಯಿಂಟ್ ಇರುವುದು ಇದಕ್ಕೇ. ಡೇರೆ ಕಳಚುವುದು ಪ್ರಯೋಗಾಲಯದ ಫಲಿತಾಂಶ ಬಂದ ಮೇಲೆ ಎಂದು ಸೇರಿಸಿದರೆ ಅರ್ಧ ಜಗಳ ಕಡಿಮೆ.

ಮಾದರಿ ಎಷ್ಟು? ಅಮೆರಿಕದ ಸಂಸ್ಥೆಗಳು ಜಾಗದ ವಿಕಿರಣ ಸರ್ವೆಗೆ ಬರೆದ ಮಾರ್ಸಿಮ್ ಕೈಪಿಡಿಯ ಕ್ರಮ ಒಳ್ಳೆಯದು. ಅಗೆದ ಜಾಗ ಯಾವಾಗಲೂ ಮೊದಲ ದರ್ಜೆ: ಒಂದು ಸರ್ವೆ ಘಟಕ 2,000 ಚದರ ಮೀಟರ್ ದಾಟಬಾರದು, ಮೇಲ್ಮೈಯ ನೂರಕ್ಕೆ ನೂರು ಭಾಗ ಸ್ಕ್ಯಾನ್ ಆಗಬೇಕು. ಚಿಹ್ನೆ ಪರೀಕ್ಷೆಗೆ (ಎಷ್ಟು ಮಾದರಿ ಗುರಿಯ ಕೆಳಗಿವೆ ಎಂದು ಎಣಿಸಿ ತೀರ್ಮಾನಿಸುವ ಸಂಖ್ಯಾಶಾಸ್ತ್ರದ ಕ್ರಮ) ಎರಡೂ ಬಗೆಯ ತಪ್ಪಿನ ಸಂಭವ ಶೇ 5 ಎಂದಿಟ್ಟರೆ, ಗುರಿಗೂ ನಿಜಕ್ಕೂ ಇರುವ ಅಂತರ ಮಾದರಿಗಳ ಚೆದುರುವಿಕೆಯಷ್ಟೇ ಇದ್ದಾಗ 29 ಮಾದರಿ ಬೇಕು, ಎರಡು ಪಟ್ಟಿದ್ದರೆ 15, ಮೂರು ಪಟ್ಟಿದ್ದರೆ 14. ಎರಡು ಪಟ್ಟಿನಾಚೆಗೆ ಮಣ್ಣು ತೆಗೆಯುತ್ತ ಹೋಗುವುದರಿಂದ ಬೇಕಾದ ಮಾದರಿಗಳ ಸಂಖ್ಯೆ ಹೆಚ್ಚೇನೂ ತಗ್ಗುವುದಿಲ್ಲ. ಆ ಕೈಪಿಡಿ ಮೇಲ್ಮಣ್ಣಿಗೆ ಮಾತ್ರ ಬರೆದದ್ದು ಎಂಬುದು ನೆನಪಿರಲಿ. ಅಗೆದ ಗುಂಡಿಯ ತಳ ತೆರೆದಿರುವಾಗ ಅದು ಮೇಲ್ಮೈ. ಮುಚ್ಚಿದ ಮೇಲೆ ಆ ಅಂಕಿಅಂಶ ಪಡೆಯಲು ಕೊರೆಯಲೇಬೇಕು, ಸ್ಕ್ಯಾನ್ ಮಾಡಲಾಗುವುದಿಲ್ಲ.

ಮುಚ್ಚಿಬಿಟ್ಟ ಕಂದಕಗಳಿಗೆ ದಾಖಲೆ ಬೇಕು. ಫ್ರಾನ್ಸಿನ ಲಾ ಮಾಂಶ್ ಘಟಕ 1969ರಿಂದ 1994ರವರೆಗೆ ಸುಮಾರು 5,27,000 ಘನ ಮೀಟರ್ ತೆಗೆದುಕೊಂಡು ಮುಚ್ಚಿತು. ಅದರ ದಾಖಲೆಗಳನ್ನು ದೀರ್ಘಕಾಲ ಬಾಳುವ ಕಾಗದದಲ್ಲಿ ಅಚ್ಚುಹಾಕಿ ಎರಡು ಪ್ರತ್ಯೇಕ ಜಾಗಗಳಲ್ಲಿ ಇಟ್ಟಿದ್ದಾರೆ. ಕಂಪ್ಯೂಟರ್ ಕಡತವೊಂದೇ ಸಾಲದು. ಜಮೀನಿನ ಹಕ್ಕುಪತ್ರದಲ್ಲೂ ನಮೂದಾಗಬೇಕು, ಯಾಕೆಂದರೆ ಪಾಯ ತೋಡುವವರು ನೋಡುವುದು ಅದನ್ನೇ.

---

ಕರಡುಕಾರ

ತಳಮಣ್ಣು ಅವರೇ, ಮುಚ್ಚಿ ಬಿಡುವ ಕಂದಕಗಳಲ್ಲಿ ಒಸರುನೀರು ಅವರು ಹೇಳಿದ ಕೊಳವೆಗಳನ್ನು ಏನು ಮಾಡುವುದು? ಹೊದಿಕೆ ಹಾಕುವಾಗ ಕಿತ್ತು ಗ್ರೌಟ್ ತುಂಬಬೇಕೇ?

---

ಒಸರುನೀರು

ನಾನೇ ಹೇಳುತ್ತೇನೆ. ಕಂದಕಕ್ಕೆ ಒಂದನ್ನಾದರೂ ಉಳಿಸಿ, ತಗ್ಗಿನ ತುದಿಯದ್ದನ್ನು. ಹೊದಿಕೆಯ ಪದರ ಕೊಳವೆಯನ್ನು ದಾಟುವ ಕಡೆ ಸುತ್ತ ಬೆಂಟೊನೈಟ್ (ನೀರು ಕುಡಿದು ಉಬ್ಬುವ ಜೇಡಿ) ಕಟ್ಟು ಹಾಕಿ, ಬಾಯಿಗೆ ಬೀಗದ ಮುಚ್ಚಳ, ಮುಚ್ಚಳದಲ್ಲಿ ಶೋಧಕವಿರುವ ಗಾಳಿಕಿಂಡಿ. ನೀರಿನ ಮಟ್ಟ ಒಂದು ಮಳೆಗಾಲದಿಂದ ಮುಂದಿನದಕ್ಕೆ ಏರಿದರೆ ಹೊದಿಕೆ ಎಲ್ಲೋ ಬಿಟ್ಟಿದೆ ಎಂದು ಅದರಿಂದಲೇ ಗೊತ್ತಾಗುವುದು. ಕಿತ್ತು ತುಂಬಿದರೆ ಸುದ್ದಿ ಬರುವುದು ಹೊರಗಿನ ಬಾವಿಯಲ್ಲಿ ಟ್ರಿಟಿಯಂ ಕಂಡಾಗ. ಕೊಳವೆಯನ್ನು ತೆಗೆಯುವ ಪ್ರಶ್ನೆ ಏಳಬೇಕಾದದ್ದು ಕಾವಲಿನ ಅವಧಿ ಮುಗಿಯುವಾಗ, ಅಷ್ಟು ಹೊತ್ತಿಗೆ ಮಟ್ಟದ ಹತ್ತಾರು ವರ್ಷದ ನಕ್ಷೆ ಕೈಯಲ್ಲಿರುತ್ತದೆ.